ಮಾವನ ಬೀರುವಿನ ಬರ್ಬನ್‌ಗೆ ಈಗ ವಯಸ್ಸೆಷ್ಟು?

ಪ್ರಶ್ನೆ: ಸರ್, ನನ್ನ ಊರು ಹಾಸನ, ಈಗ ಇರುವುದು ಅಮೆರಿಕದ ಸಿನ್ಸಿನಾಟಿಯಲ್ಲಿ. ನದಿ ದಾಟಿದರೆ ಕೆಂಟಕಿ. ಹೋದ ತಿಂಗಳು ಅಲ್ಲಿ ವಿಸ್ಕಿ ತಯಾರಿಸುವ ಎರಡು ಡಿಸ್ಟಿಲರಿ ನೋಡಿಕೊಂಡು ಬಂದೆ, ಬಂದ ಮೇಲೆ ಗೊಂದಲ ಇನ್ನೂ ಜಾಸ್ತಿ ಆಯಿತು. ಮೈಸೂರಿನಲ್ಲಿ ನಮ್ಮ ಮಾವನವರ ಹತ್ತಿರ ಎರಡು ಬಾಟಲಿ ಬರ್ಬನ್, ಅಂದರೆ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿ, ಇದೆ. 2010ರಲ್ಲಿ ನಾನೇ ತಂದುಕೊಟ್ಟಿದ್ದು. ಲೇಬಲ್ ಮೇಲೆ 8 ವರ್ಷ ಅಂತ ಇದೆ. ಒಂದರ ಸೀಲ್ ಒಡೆದಿಲ್ಲ, ಬೀರುವಿನಲ್ಲಿದೆ. ಇನ್ನೊಂದನ್ನು ಆಗಲೇ ಒಡೆದು, ಅವರ ಮದುವೆಗೆ ಉಡುಗೊರೆ ಬಂದಿದ್ದ ಭಾರದ ಕ್ರಿಸ್ಟಲ್ ಹೂಜಿಗೆ ಸುರಿದು ಶೋಕೇಸಿನಲ್ಲಿಟ್ಟಿದ್ದಾರೆ. ಹಬ್ಬಕ್ಕೊಮ್ಮೆ ಅದರಿಂದ ಒಂದು ಪೆಗ್. "ಈಗ ಇದಕ್ಕೆ ಇಪ್ಪತ್ತು ದಾಟಿದೆ" ಅಂತ ಬಂದವರಿಗೆಲ್ಲ ಹೇಳುತ್ತಾರೆ. ಇನ್ನೆರಡು ವರ್ಷಕ್ಕೆ ಅವರಿಗೆ 70 ತುಂಬುತ್ತದೆ. ಶಾಂತಿ ಹೋಮ ಬೆಳಿಗ್ಗೆ, ಸಂಜೆಗೆ ನನ್ನದೊಂದು ಯೋಜನೆ: 5 ಲೀಟರಿನ ಓಕ್ ಪೀಪಾಯಿ ತರಿಸಿದ್ದೇನೆ, ಅಂಗಡಿಯ ಬರ್ಬನ್ ತುಂಬಿ ಇಲ್ಲಿ ಗ್ಯಾರೇಜಿನಲ್ಲಿ ಎರಡು ವರ್ಷ ಇಟ್ಟು ಒಯ್ಯೋಣ ಅಂತ. ಆದರೆ ನಮ್ಮ ಭಾವ ಹೇಳುವುದೇ ಬೇರೆ. ಕೆಂಟಕಿಯಲ್ಲಿ ಮಾಡದೇ ಇದ್ದರೆ ಅದು ಬರ್ಬನ್ನೇ ಅಲ್ಲವಂತೆ, ಆ ಬಣ್ಣವೆಲ್ಲ ಹಾಕಿದ್ದಂತೆ, ಸುಟ್ಟ ಮರದಲ್ಲಿಟ್ಟಿದ್ದು ಮೈಗೆ ಒಳ್ಳೆಯದಲ್ಲವಂತೆ. ಯಾವುದನ್ನು ನಂಬಲಿ?

ಉತ್ತರ: ನಿಮ್ಮ ಪತ್ರ ಓದುತ್ತಾ ನಗು ಬರುತ್ತಿತ್ತು, ಆ ಕ್ರಿಸ್ಟಲ್ ಹೂಜಿಯ ಸಾಲಿಗೆ ಬಂದಾಗ ನಿಂತುಹೋಯಿತು. ಅದರ ಬಗ್ಗೆ ನೀವು ಏನೂ ಕೇಳಿಲ್ಲ. ಆದರೆ ಇಡೀ ಪತ್ರದಲ್ಲಿ ನಿಜವಾಗಿ ಚಿಂತೆ ಮಾಡಬೇಕಾದ್ದು ಅದೊಂದೇ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಹಳೆಯ ಕಾಲದ ಭಾರದ, ಬೆಳಕಿಗೆ ಹಿಡಿದರೆ ಝಗ್ ಅನ್ನುವ ಕ್ರಿಸ್ಟಲ್ ಗಾಜಿನಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ. ನಾಲ್ಕನೇ ಒಂದು ಭಾಗದಷ್ಟು ಸೀಸದ ಆಕ್ಸೈಡ್ ಇರುವ ಗಾಜೂ ಉಂಟು, ಆ ಭಾರ, ಆ ಹೊಳಪು ಬರುವುದೇ ಅದರಿಂದ. ಅಂಥ ಲೋಟದಲ್ಲಿ ಒಂದು ಸಂಜೆ ಕುಡಿದರೆ ದೊಡ್ಡ ವಿಷಯವಲ್ಲ. ಹೂಜಿಯಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮದ್ಯ ಇಟ್ಟರೆ ಸೀಸ ನಿಧಾನಕ್ಕೆ ಬಿಟ್ಟುಕೊಂಡು ಅದರೊಳಗೆ ಸೇರುತ್ತದೆ. ಬಣ್ಣ ಬದಲಾಗುವುದಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಹದಿನೈದು ವರ್ಷ ಇಟ್ಟಿದ್ದನ್ನು ದಯವಿಟ್ಟು ಯಾರೂ ಕುಡಿಯಬೇಡಿ. ಮಾವನವರಿಗೆ ಬೇಜಾರಾಗುತ್ತದೆ, ಗೊತ್ತು. ಹೂಜಿ ಶೋಕೇಸಿನಲ್ಲೇ ಇರಲಿ, ಒಳಗಿರುವುದನ್ನು ಸಿಂಕಿಗೆ ಸುರಿಯಿರಿ. ಇಷ್ಟು ವರ್ಷ ಹಬ್ಬಕ್ಕೊಂದು ಪೆಗ್ ತೆಗೆದುಕೊಂಡಿದ್ದಾರೆ ಅಂದಿರಲ್ಲ, ಮುಂದಿನ ಸಲ ರಕ್ತಪರೀಕ್ಷೆಗೆ ಹೋದಾಗ ಸೀಸದ ಮಟ್ಟವನ್ನೂ ನೋಡಿಸಬೇಕಾ ಅಂತ ಅವರ ಡಾಕ್ಟರನ್ನು ಕೇಳಿಬಿಡಿ. ಗಾಬರಿ ಬೇಡ, ಸುಮ್ನೆ ಬಿಡುವುದೂ ಬೇಡ.

ಈಗ ಸೀಲ್ ಒಡೆಯದ ಬಾಟಲಿ. ಅದರ ವಯಸ್ಸು 8. ಇವತ್ತೂ 8, ಮಾವನವರ ಎಪ್ಪತ್ತಕ್ಕೂ 8, ಮೊಮ್ಮಕ್ಕಳ ಮದುವೆಗೆ ತೆಗೆದರೂ 8. ವಿಸ್ಕಿಗೆ ವಯಸ್ಸಾಗುವುದು ಮರದ ಒಳಗೆ. ಗಾಜಿನೊಳಗೆ ಹೋದ ದಿನ ಅದರ ಗಡಿಯಾರ ನಿಲ್ಲುತ್ತದೆ. ಕೆಲವು ವೈನ್‌ಗಳು ಬಾಟಲಿಯಲ್ಲೂ ಬದಲಾಗುತ್ತಾ ಹೋಗುತ್ತವೆ, ಆ ಮಾತನ್ನೇ ಜನ ವಿಸ್ಕಿಗೂ ಅಂಟಿಸಿಬಿಟ್ಟಿದ್ದಾರೆ. ಹಳೆಯ ಬಾಟಲಿಗೆ ಬೆಲೆ ಬರುವುದಿಲ್ಲ ಅಂತಲ್ಲ. ಈಗ ಸಿಗದ ಬಾಟಲಿಯಾದರೆ ಸಂಗ್ರಹ ಮಾಡುವವರು ಕೊಡುತ್ತಾರೆ, ಆದರೆ ಅದು ಹಳೇ ನಾಣ್ಯಕ್ಕೆ ಬರುವಂಥ ಬೆಲೆ.

ಮರದೊಳಗೆ ಅಂಥದ್ದೇನು ನಡೆಯುತ್ತದೆ ಅನ್ನುವುದು ನಿಮ್ಮ ಉಳಿದೆಲ್ಲ ಪ್ರಶ್ನೆಗಳ ಬುಡ. ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಡಿಸ್ಟಿಲರಿ ಲ್ಯಾಬುಗಳಲ್ಲಿ, ಗೋದಾಮುಗಳಲ್ಲಿ ಕಳೆದವನು. ಬರ್ಬನ್ ನನಗೆ ಮೊದಲು ಪರಿಚಯ ಆಗಿದ್ದು ಲೋಟದಲ್ಲಲ್ಲ, ಕಂಟೇನರಿನಲ್ಲಿ. ಕೆಂಟಕಿಯಲ್ಲಿ ಒಮ್ಮೆ ಬಳಸಿದ ಖಾಲಿ ಪೀಪಾಯಿಗಳು ನಮ್ಮಲ್ಲಿಗೆ ಬರುತ್ತಿದ್ದವು, ಕಂಟೇನರಿನ ಬಾಗಿಲು ತೆಗೆದರೆ ಬೆಲ್ಲದ ಆಲೆಮನೆಯ ಪಕ್ಕ ಯಾರೋ ವೆನಿಲಾ ಕೇಕ್ ಬೇಯಿಸುತ್ತಿದ್ದ ಹಾಗೆ ಘಮ್ ಅಂತಿತ್ತು. ಖಾಲಿ ಪೀಪಾಯಿಯೇ ಹೀಗೆ ಘಮಘಮಿಸಿದರೆ ತುಂಬಿದ್ದು ಹೇಗಿರಬೇಡ ಅಂತ ಅವತ್ತು ಅನ್ನಿಸಿದ್ದು.

ಮೊದಲು ಭಾವನವರ ಮಾತಿಗೆ ಬರೋಣ. ಬರ್ಬನ್ ಕೆಂಟಕಿಯಲ್ಲೇ ಆಗಬೇಕು ಅಂತ ಎಲ್ಲೂ ಇಲ್ಲ. ಅಮೆರಿಕದ ಯಾವ ರಾಜ್ಯದಲ್ಲಾದರೂ ಮಾಡಬಹುದು, ಅಮೆರಿಕದ ಹೊರಗೆ ಮಾಡಿದರೆ ಆ ಹೆಸರು ಹಾಕುವ ಹಾಗಿಲ್ಲ. 1964ರಲ್ಲಿ ಅಲ್ಲಿನ ಕಾಂಗ್ರೆಸ್ ನಿರ್ಣಯ ಮಾಡಿ ಇದು ಅಮೆರಿಕದ್ದೇ ಆದ ಪದಾರ್ಥ ಅಂತ ಸಾರಿತು. ಆದರೆ ಮಾಡುವುದರಲ್ಲಿ ಬಹುಪಾಲು ಕೆಂಟಕಿಯದೇ, ಆ ರಾಜ್ಯದಲ್ಲಿ ಜನರಿಗಿಂತ ಪೀಪಾಯಿಗಳೇ ಜಾಸ್ತಿ ಅನ್ನುವುದು ತಮಾಷೆಗೆ ಹೇಳುವ ಮಾತಲ್ಲ, ಲೆಕ್ಕವೇ ಹಾಗಿದೆ. ಕಾರಣಗಳೂ ಸರಳ. ನೆಲದಡಿ ಸುಣ್ಣಕಲ್ಲು, ಅದರಲ್ಲಿ ಸೋಸಿ ಬರುವ ನೀರಿನಲ್ಲಿ ಕಬ್ಬಿಣದ ಅಂಶ ಇರುವುದಿಲ್ಲ. ಕಬ್ಬಿಣ ಇದ್ದರೆ ವಿಸ್ಕಿ ಕಪ್ಪಾಗುತ್ತದೆ, ರುಚಿಯೂ ಕೆಡುತ್ತದೆ. ಮೆಕ್ಕೆಜೋಳ ಧಾರಾಳ. ಬೇಸಿಗೆ ಸುಡು ಬೇಸಿಗೆ, ಚಳಿಗಾಲ ಕೊರೆಯುವ ಚಳಿಗಾಲ. ಹೆಸರು ಎಲ್ಲಿಂದ ಬಂತು ಅನ್ನುವುದಕ್ಕೆ ಎರಡು ಕಥೆ ಇವೆ, ಬರ್ಬನ್ ಕೌಂಟಿ ಅನ್ನುವ ಜಿಲ್ಲೆಯಿಂದ ಅಂತ ಒಂದು, ನ್ಯೂ ಆರ್ಲಿಯನ್ಸ್‌ನ ಬರ್ಬನ್ ಬೀದಿಯಿಂದ ಅಂತ ಇನ್ನೊಂದು. ಎರಡಕ್ಕೂ ಗಟ್ಟಿ ಸಾಕ್ಷಿ ಇಲ್ಲ. ಡಿಸ್ಟಿಲರಿ ತೋರಿಸುವವರು ನಿಮಗೆ ಎಲೈಜಾ ಕ್ರೇಗ್ ಎಂಬ ಪಾದ್ರಿಯ ಕಥೆಯನ್ನೂ ಹೇಳಿರುತ್ತಾರೆ, 1789ರಲ್ಲಿ ಸುಟ್ಟ ಪೀಪಾಯಿಯಲ್ಲಿ ವಿಸ್ಕಿ ಇಟ್ಟು ಬರ್ಬನ್ ಕಂಡುಹಿಡಿದ ಮಹಾನುಭಾವ ಅಂತ. ಆತ ಇದ್ದದ್ದು ನಿಜ, ವಿಸ್ಕಿ ಮಾಡುತ್ತಿದ್ದದ್ದೂ ನಿಜ. ಕಂಡುಹಿಡಿದ ಅನ್ನುವುದು ಮಾತ್ರ ಆಮೇಲೆ ಕಟ್ಟಿದ ಕಥೆ. ಅವನ ಹೆಸರಿನದೇ ಒಂದು ಬರ್ಬನ್ ಬಾಟಲಿ ಮಾರುತ್ತಾರೆ, ಹಾಗಾಗಿ ಕಥೆ ಸಾಯುವುದಿಲ್ಲ.

ಬಣ್ಣದ ವಿಷಯದಲ್ಲಿ ಭಾವನವರು ಪೂರ್ತಿ ತಪ್ಪು, ಆದರೆ ಅವರ ಅನುಮಾನಕ್ಕೆ ಕಾರಣ ಇದೆ. ಸ್ಕಾಚ್‌ನಲ್ಲಿ ಕ್ಯಾರಮೆಲ್ ಬಣ್ಣ ಹಾಕಲು ಅನುಮತಿ ಇದೆ. ನಮ್ಮ ದೇಶದಲ್ಲಿ ವಿಸ್ಕಿ ಅಂತ ಮಾರುವ ಕಡಿಮೆ ಬೆಲೆಯ ಸರಕಿನಲ್ಲಿ ಬಹಳಷ್ಟು ಕಾಕಂಬಿಯ ಸ್ಪಿರಿಟ್‌ಗೆ ಬಣ್ಣ, ವಾಸನೆ ಸೇರಿಸಿದ್ದೇ. ಬರ್ಬನ್‌ಗೆ ಮಾತ್ರ ನೀರು ಬಿಟ್ಟು ಬೇರೇನೂ ಸೇರಿಸುವ ಹಾಗಿಲ್ಲ. ಇಷ್ಟು ಬಿಗಿ ಬಂದದ್ದು ಸುಮ್ನೆ ಅಲ್ಲ. 19ನೇ ಶತಮಾನದಲ್ಲಿ ಅಮೆರಿಕದ ವ್ಯಾಪಾರಿಗಳು ಹಸಿ ಸ್ಪಿರಿಟ್‌ಗೆ ತಂಬಾಕಿನ ರಸ, ಒಣಹಣ್ಣಿನ ರಸ ಸೇರಿಸಿ "ಹಳೇ ವಿಸ್ಕಿ" ಅಂತ ಮಾರುತ್ತಿದ್ದರು. ಆ ಹಾವಳಿಗೇ 1897ರಲ್ಲಿ ಬಾಟಲ್ಡ್ ಇನ್ ಬಾಂಡ್ ಅನ್ನುವ ಕಾನೂನು ಬಂತು. ಒಂದೇ ಡಿಸ್ಟಿಲರಿ, ಒಂದೇ ಹಂಗಾಮು, ಸರ್ಕಾರದ ಕಣ್ಗಾವಲಿನ ಗೋದಾಮಿನಲ್ಲಿ ಕನಿಷ್ಠ 4 ವರ್ಷ, ಸರಿಯಾಗಿ 50 ಪರ್ಸೆಂಟ್ ಆಲ್ಕೋಹಾಲ್. ಇವತ್ತೂ ಆ ಮಾತು ಲೇಬಲ್ ಮೇಲಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು, ಅನೇಕ ಸಲ ಬೆಲೆಯೂ ಕಡಿಮೆ.

ಹಾಗಾದರೆ ಆ ಕೆಂಪು ಎಲ್ಲಿಂದ ಬಂತು? ಪೂರ್ತಿ ಮರದಿಂದ.

ಮಾಡುವ ವಿಧಾನ ಚುಟುಕಾಗಿ ಹೇಳಿಬಿಡುತ್ತೇನೆ, ನೀವು ಕಣ್ಣಾರೆ ನೋಡಿದ್ದೀರಿ. ಧಾನ್ಯದಲ್ಲಿ ಕನಿಷ್ಠ 51 ಪರ್ಸೆಂಟ್ ಮೆಕ್ಕೆಜೋಳ ಇರಬೇಕು, ಸಾಮಾನ್ಯವಾಗಿ 70ರ ಆಸುಪಾಸು ಹಾಕುತ್ತಾರೆ. ಉಳಿದದ್ದು ರೈ ಧಾನ್ಯ ಅಥವಾ ಗೋಧಿ, ಜೊತೆಗೆ ಸ್ವಲ್ಪ ಮೊಳಕೆ ಬರಿಸಿದ ಬಾರ್ಲಿ. ರೈ ಹಾಕಿದ್ದು ನಾಲಿಗೆಗೆ ಮೆಣಸಿನ ಹಾಗೆ ಚುರುಕು, ಗೋಧಿ ಹಾಕಿದ್ದು ಮೆದು. ಬೇಯಿಸಿ, ಯೀಸ್ಟ್ ಹಾಕಿ ಮೂರರಿಂದ ಐದು ದಿನ ಹುದುಗಿಸುತ್ತಾರೆ. ಅದಕ್ಕೆ ಹಿಂದಿನ ಸಲ ಬಟ್ಟಿ ಇಳಿಸಿ ಉಳಿದ ಹುಳಿ ತಿಳಿಯನ್ನು ಸೇರಿಸುತ್ತಾರೆ. ಇದೇ ಸೌರ್ ಮ್ಯಾಶ್. ನಮ್ಮವರಿಗೆ ವಿವರಿಸುವಾಗ ಮೊಸರಿಗೆ ಹೆಪ್ಪು ಹಾಕಿದ ಹಾಗೆ ಅಂತ ಹೇಳುವವರಿದ್ದಾರೆ. ನಾನೂ ಹಾಗೇ ಹೇಳುತ್ತಿದ್ದೆ. ಅದು ಸರಿಯಲ್ಲ. ಹೆಪ್ಪಿನಲ್ಲಿ ಜೀವ ಇರುತ್ತದೆ, ಈ ತಿಳಿ ಕುದಿದು ಬಂದದ್ದು, ಅದರಲ್ಲಿ ಯೀಸ್ಟ್ ಸತ್ತಿರುತ್ತದೆ. ಅದು ಕೊಡುವುದು ಹುಳಿಯನ್ನು ಮಾತ್ರ, ಆ ಹುಳಿಯಿಂದ ಬೇಡದ ಬ್ಯಾಕ್ಟೀರಿಯಾ ಹತ್ತಿರ ಬರುವುದಿಲ್ಲ, ಪ್ರತಿ ಸಲವೂ ಒಂದೇ ಹದ ಬರುತ್ತದೆ.

ಬಟ್ಟಿ ಇಳಿಸಿದಾಗ ಬರುವುದು ನೀರಿನಂಥ ದ್ರವ. ಅಲ್ಲಿನವರು ಇದನ್ನು ವೈಟ್ ಡಾಗ್ ಅನ್ನುತ್ತಾರೆ, ನಾಲಿಗೆ ಕಚ್ಚುತ್ತದೆ ಅಂತ ಇರಬೇಕು. 80 ಪರ್ಸೆಂಟ್‌ಗಿಂತ ಹೆಚ್ಚು ಆಲ್ಕೋಹಾಲ್ ಇರುವಷ್ಟು ಗಟ್ಟಿಯಾಗಿ ಇಳಿಸುವಂತಿಲ್ಲ, ಇಳಿಸಿದರೆ ಧಾನ್ಯದ ರುಚಿಯೇ ಹೋಗುತ್ತದೆ. ಪೀಪಾಯಿಗೆ ತುಂಬುವಾಗ 62.5 ಪರ್ಸೆಂಟ್ ಮೀರಬಾರದು. 1962ಕ್ಕೆ ಮುಂಚೆ ಈ ಮಿತಿ 55 ಇತ್ತು. ಗಟ್ಟಿಯಾಗಿ ತುಂಬಿದರೆ ಪೀಪಾಯಿ ಕಡಿಮೆ ಸಾಕು, ಆಮೇಲೆ ನೀರು ಬೆರೆಸಿದರಾಯಿತು. ಲೆಕ್ಕಿಗರಿಗೆ ಖುಷಿ. ಆದರೆ ಮರದ ಸಕ್ಕರೆ ಅಂಶ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಹಾಗಾಗಿ ಸ್ವಲ್ಪ ತೆಳ್ಳಗೆ ತುಂಬಿದ್ದೇ ಹೆಚ್ಚು ಸಿಹಿಯಾಗಿ ಬರುತ್ತದೆ ಅನ್ನುವುದು ನನ್ನ ಅನುಭವ. ಮೇಕರ್ಸ್ ಮಾರ್ಕ್ ಅನ್ನುವ ಬರ್ಬನ್ ಮಾಡುವವರು ಈಗಲೂ 55ಕ್ಕೇ ತುಂಬುತ್ತಾರೆ.

ಇನ್ನು ಪೀಪಾಯಿ. ಇದು ಪಾತ್ರೆ ಅಲ್ಲ, ಪದಾರ್ಥ. ಅಡುಗೆಗೆ ಬಾಣಲೆ ಇದ್ದ ಹಾಗಲ್ಲ, ಹುಳಿಗೆ ಬೇಳೆ ಇದ್ದ ಹಾಗೆ. ಅಮೆರಿಕದ ಬಿಳಿ ಓಕ್ ಮರದ ಹಲಗೆಗಳನ್ನು ತಿಂಗಳುಗಟ್ಟಲೆ ಬಿಸಿಲು ಮಳೆಗೆ ಒಡ್ಡಿ ಒಗರು ಕಡಿಮೆ ಮಾಡುತ್ತಾರೆ, ಅಂಟು ಮೊಳೆ ಇಲ್ಲದೆ ಬರೀ ಕಬ್ಬಿಣದ ಪಟ್ಟಿಯಿಂದ ಬಿಗಿದು ಸುಮಾರು 200 ಲೀಟರಿನ ಪೀಪಾಯಿ ಕಟ್ಟುತ್ತಾರೆ, ಆಮೇಲೆ ಒಳಗೆ ಬೆಂಕಿ ಕೊಡುತ್ತಾರೆ. ಎಷ್ಟು ಹೊತ್ತು? ಒಂದು ನಿಮಿಷವೂ ಇಲ್ಲ. ಒಂದರಿಂದ ನಾಲ್ಕರವರೆಗೆ ನಂಬರ್ ಇದೆ, ನಾಲ್ಕನೆಯದಕ್ಕೆ ಸುಮಾರು 55 ಸೆಕೆಂಡು, ಆಗ ಒಳಮೈ ಮೊಸಳೆ ಚರ್ಮದ ಹಾಗೆ ಬಿರಿಯುತ್ತದೆ.

ಈ ಸುಡುವುದರಿಂದ ಎರಡು ಕೆಲಸ ಆಗುತ್ತವೆ. ಮೇಲಿನ ಕೆಲವೇ ಮಿಲಿಮೀಟರ್ ಇದ್ದಿಲಾಗುತ್ತದೆ. ಆ ಇದ್ದಿಲು ಹಸಿ ಸ್ಪಿರಿಟ್‌ನಲ್ಲಿರುವ ಗಂಧಕದ ಕೆಟ್ಟ ವಾಸನೆಯನ್ನು ಹೀರಿಕೊಳ್ಳುತ್ತದೆ, ನೀರಿನ ಫಿಲ್ಟರಿನ ಇದ್ದಿಲಿನ ಹಾಗೇ. ಅಂದರೆ ಭಾವನವರು ಹೆದರಿದ ಆ ಕರಿ ಪದರ ಸೇರಿಸುವುದಕ್ಕಿಂತ ತೆಗೆಯುವುದೇ ಜಾಸ್ತಿ. ಬರ್ಬನ್‌ನಲ್ಲಿ ಮೈಗೆ ಕೆಟ್ಟದ್ದು ಅಂದರೆ ಆಲ್ಕೋಹಾಲೇ, ಅದರ ಮುಂದೆ ಮರದ ಲೆಕ್ಕ ಏನೂ ಅಲ್ಲ. ನಿಜವಾದ ರುಚಿ ಇರುವುದು ಇದ್ದಿಲಿನ ಕೆಳಗೆ, ಸುಡದೆ ಬರೀ ಕಾದು ಕೆಂಪಾದ ಪದರದಲ್ಲಿ. ಅಲ್ಲಿ ಮರದ ಹೆಮಿಸೆಲ್ಯುಲೋಸ್ ಒಡೆದು ಸಕ್ಕರೆಯಾಗಿ, ಆ ಸಕ್ಕರೆ ಪಾಕ ಹಿಡಿದು ಕಂದಿರುತ್ತದೆ. ಲಿಗ್ನಿನ್ ಒಡೆದು ವೆನಿಲಿನ್ ಆಗಿರುತ್ತದೆ, ಐಸ್‌ಕ್ರೀಮಿನ ವೆನಿಲಾ ವಾಸನೆ ಕೊಡುವ ಅದೇ ವಸ್ತು. ಓಕ್‌ನಲ್ಲೇ ಇರುವ ಲ್ಯಾಕ್ಟೋನ್‌ಗಳಿಂದ ಹಸಿ ಕೊಬ್ಬರಿಯ ವಾಸನೆ. ಟ್ಯಾನಿನ್‌ನಿಂದ ಒಗರು. ಬೇಸಿಗೆಯಲ್ಲಿ ವಿಸ್ಕಿ ಹಿಗ್ಗಿ ಮರದೊಳಗೆ ನುಗ್ಗುತ್ತದೆ, ಚಳಿಗೆ ಕುಗ್ಗಿ ಇದನ್ನೆಲ್ಲ ಹೊತ್ತು ಹೊರಗೆ ಬರುತ್ತದೆ. ಹಳೇ ಪೀಪಾಯಿ ಬಿಚ್ಚಿ ಹಲಗೆಯನ್ನು ಅಡ್ಡ ಕೊಯ್ದರೆ ವಿಸ್ಕಿ ಎಲ್ಲಿಯವರೆಗೆ ಹೋಗಿತ್ತು ಅನ್ನುವುದು ಕೆಂಪು ಗೆರೆಯ ಹಾಗೆ ಕಾಣುತ್ತದೆ. ನಾನು ಅಂಥ ಒಂದು ತುಂಡನ್ನು ಇವತ್ತಿಗೂ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಬರ್ಬನ್‌ಗೆ ಈ ಪೀಪಾಯಿ ಪ್ರತಿ ಸಲ ಹೊಸದೇ ಆಗಬೇಕು. ಒಮ್ಮೆ ಬಳಸಿದ್ದನ್ನು ಬರ್ಬನ್‌ಗೆ ಮತ್ತೆ ಬಳಸುವ ಹಾಗಿಲ್ಲ. ಹಾಗಾಗಿ ಅವು ಸ್ಕಾಟ್ಲೆಂಡಿಗೆ ಹೋಗುತ್ತವೆ, ಮೆಕ್ಸಿಕೋದ ಟಕೀಲಾಕ್ಕೆ ಹೋಗುತ್ತವೆ, ಟಬಾಸ್ಕೊ ಮೆಣಸಿನಕಾಯಿ ಸಾಸಿಗೂ ಹೋಗುತ್ತವೆ, ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಬರುತ್ತವೆ. ಸ್ಕಾಚ್ 18 ವರ್ಷ ಮರದಲ್ಲಿದ್ದರೂ ತಡೆಯುತ್ತದೆ, ಬರ್ಬನ್ ಅಷ್ಟು ವರ್ಷ ಇದ್ದರೆ ಅನೇಕ ಸಲ ಹಲಗೆ ನೆಕ್ಕಿದ ಹಾಗಿರುತ್ತದೆ. ವ್ಯತ್ಯಾಸ ಇಷ್ಟೇ: ಅವರದ್ದು ಒಮ್ಮೆ ಕುದಿಸಿದ ಟೀ ಸೊಪ್ಪು, ಇವರದ್ದು ಹೊಸ ಸೊಪ್ಪು. ಹೊಸ ಸೊಪ್ಪನ್ನು ಎಷ್ಟು ಹೊತ್ತು ಕುದಿಸುತ್ತೀರಿ ಹೇಳಿ?

ಅದಕ್ಕೇ ವಯಸ್ಸಿನ ಅಂಕಿ ನೋಡಿ ಬರ್ಬನ್ ಕೊಳ್ಳಬೇಡಿ ಅಂತ ನಾನು ಹೇಳುವುದು. ನನ್ನ ನಾಲಿಗೆಗೆ 6ರಿಂದ 12 ವರ್ಷದ ನಡುವೆ ಇರುವುದೇ ಹೆಚ್ಚು ಹಿಡಿಸಿದೆ. ಕಾನೂನಿನಲ್ಲಿ ಬರೀ ಬರ್ಬನ್‌ಗೆ ಕನಿಷ್ಠ ವಯಸ್ಸು ಅಂತಲೇ ಇಲ್ಲ, ಲೇಬಲ್ ಮೇಲೆ ಸ್ಟ್ರೇಟ್ ಅಂತ ಹಾಕಲು 2 ವರ್ಷ ಬೇಕು, ಸ್ಟ್ರೇಟ್ 4 ವರ್ಷಕ್ಕಿಂತ ಚಿಕ್ಕದಾದರೆ ವಯಸ್ಸು ಹಾಕಲೇಬೇಕು. ಹಾಕಿದ ಅಂಕಿ ಆ ಬಾಟಲಿಯಲ್ಲಿರುವುದರಲ್ಲಿ ಎಲ್ಲಕ್ಕಿಂತ ಚಿಕ್ಕದರದ್ದು. ವಯಸ್ಸೇ ಹಾಕದ ಸ್ಟ್ರೇಟ್ ಬರ್ಬನ್ ಕಂಡರೆ ಕನಿಷ್ಠ 4 ಆಗಿದೆ ಅಂತ ತಿಳಿಯಿರಿ.

ಮತ್ತೆ ಹಳೆಯದಕ್ಕೆ ಅಷ್ಟೊಂದು ಬೆಲೆ ಯಾಕೆ ಅಂದರೆ, ಉಳಿಯುವುದೇ ಕಮ್ಮಿ. ಮರ ಉಸಿರಾಡುತ್ತದೆ, ವಿಸ್ಕಿ ಆರುತ್ತದೆ. ಇದಕ್ಕೆ ದೇವತೆಗಳ ಪಾಲು ಅಂತ ಹೆಸರು. ಕೆಂಟಕಿಯಲ್ಲಿ ವರ್ಷಕ್ಕೆ ಸುಮಾರು 4 ಪರ್ಸೆಂಟ್ ಅಂತ ಇಟ್ಟುಕೊಂಡರೆ 200 ಲೀಟರ್ ತುಂಬಿದ ಪೀಪಾಯಿಯಲ್ಲಿ 12 ವರ್ಷಕ್ಕೆ 122 ಲೀಟರ್ ಉಳಿಯುತ್ತದೆ, 23 ವರ್ಷಕ್ಕೆ 80ರ ಒಳಗೆ. ಮೊದಲ ವರ್ಷ ಮರವೇ ಕುಡಿಯುವುದನ್ನು ಇದರಲ್ಲಿ ಸೇರಿಸಿಲ್ಲ. ಬೆಂಗಳೂರಿನಲ್ಲಿ ಈ ಪಾಲು ವರ್ಷಕ್ಕೆ 10-12 ಪರ್ಸೆಂಟ್, ಆರು ವರ್ಷದಲ್ಲಿ ಅರ್ಧ ಖಾಲಿ. ಅಮೃತ್‌ನವರು ತಮ್ಮ ಹಳೆಯ ವಿಸ್ಕಿಗೆ ದುರಾಸೆಯ ದೇವತೆಗಳು ಅನ್ನುವ ಅರ್ಥದಲ್ಲಿ ಗ್ರೀಡಿ ಏಂಜೆಲ್ಸ್ ಅಂತ ಹೆಸರಿಟ್ಟಿದ್ದು ಈ ಹೊಟ್ಟೆಉರಿಗೇ. ನಮ್ಮ ಗೋದಾಮಿನಲ್ಲಿ ಪ್ರತಿ ವರ್ಷ ಲೆಕ್ಕ ಹಾಕುವಾಗ ಅಕೌಂಟ್ಸ್‌ನವರು ನಮ್ಮನ್ನೇ ಅನುಮಾನದಿಂದ ನೋಡುತ್ತಿದ್ದರು.

ಅಲ್ಲಿನ ಗೋದಾಮುಗಳನ್ನು ನೋಡಿದಿರಲ್ಲ, ಏಳು ಮಹಡಿ, ಕೆಲವು ಒಂಬತ್ತು. ಮೇಲಿನ ಮಹಡಿ ಬೇಸಿಗೆಯಲ್ಲಿ ಒಲೆ. ಅಲ್ಲಿ ನೀರು ಬೇಗ ಆರಿ ಆಲ್ಕೋಹಾಲಿನ ಅಂಶ ಏರುತ್ತದೆ, ಬಣ್ಣ ಗಾಢವಾಗುತ್ತದೆ. ಕೆಳಗೆ ತಂಪು, ನಿಧಾನ. ಒಂದೇ ದಿನ ತುಂಬಿದ ಎರಡು ಪೀಪಾಯಿ, ಒಂದು ಮೇಲೆ ಒಂದು ಕೆಳಗೆ, ಎಂಟು ವರ್ಷ ಬಿಟ್ಟು ತೆಗೆದರೆ ಅಣ್ಣತಮ್ಮ ಅಂತಲೂ ಹೇಳಲಾಗದು. ಮೇಕರ್ಸ್ ಮಾರ್ಕ್‌ನಲ್ಲಿ ಪೀಪಾಯಿಗಳನ್ನು ಮೇಲಿಂದ ಕೆಳಕ್ಕೆ ಸರಿಸುತ್ತಾರೆ. ಫೋರ್ ರೋಸಸ್‌ನವರು ಒಂದೇ ಅಂತಸ್ತಿನ ಗೋದಾಮು ಕಟ್ಟಿಕೊಂಡು ಈ ತಲೆನೋವೇ ಬೇಡ ಅಂದಿದ್ದಾರೆ. ಉಳಿದವರು ಬೇರೆ ಬೇರೆ ಮಹಡಿಯದ್ದನ್ನು ಬೆರೆಸಿ ರುಚಿ ಸರಿಮಾಡುತ್ತಾರೆ, ನನ್ನ ಪ್ರಕಾರ ನಿಜವಾದ ಕೈಚಳಕ ಇರುವುದು ಅಲ್ಲೇ.

ಈಗ ನಿಮ್ಮ ಗ್ಯಾರೇಜು. ಎರಡು ವರ್ಷ ಇಡಬೇಡಿ. ಎರಡು ತಿಂಗಳೂ ಜಾಸ್ತಿ ಆಗಬಹುದು.

ಲೆಕ್ಕ ಹೀಗಿದೆ. ಪೀಪಾಯಿ ಚಿಕ್ಕದಾದಷ್ಟೂ ಪ್ರತಿ ಲೀಟರಿಗೆ ತಗಲುವ ಮರದ ಮೈ ಹೆಚ್ಚು. 200 ಲೀಟರಿಗೆ ಹೋಲಿಸಿದರೆ, ಅದೇ ಆಕಾರದ 5 ಲೀಟರ್ ಪೀಪಾಯಿಯಲ್ಲಿ ಇದು ಹತ್ತಿರಹತ್ತಿರ ಮೂರೂವರೆ ಪಟ್ಟು. ಬಣ್ಣ, ವೆನಿಲಾ, ಒಗರು ಎಲ್ಲ ಬೇಗ ಇಳಿಯುತ್ತವೆ. ಅದನ್ನು ನೋಡಿ "ಆರು ವಾರದಲ್ಲಿ ಆರು ವರ್ಷ" ಅಂತ ಮಾರುವವರು ಇದ್ದಾರೆ. ಆದರೆ ಮರದ ಮೂಲಕ ಗಾಳಿ ಆಡಿ, ಆಮ್ಲಗಳೂ ಆಲ್ಕೋಹಾಲೂ ನಿಧಾನಕ್ಕೆ ಸೇರಿ ಹಣ್ಣಿನ ವಾಸನೆಯ ಎಸ್ಟರ್‌ಗಳಾಗುವ ಕೆಲಸಕ್ಕೆ ಬೇಕಾದ್ದು ವರ್ಷಗಳೇ. ಒಂದು ಕೆಲಸ ಓಡುತ್ತದೆ, ಇನ್ನೊಂದು ಕುಂಟುತ್ತದೆ. ಬಫಲೋ ಟ್ರೇಸ್ ಡಿಸ್ಟಿಲರಿಯವರು ಸುಮಾರು 19, 38 ಮತ್ತು 57 ಲೀಟರಿನ ಸಣ್ಣ ಪೀಪಾಯಿಗಳಲ್ಲಿ ಆರು ವರ್ಷ ಇಟ್ಟು ನೋಡಿ, 2012ರಲ್ಲಿ ಪ್ರಯೋಗ ಸೋತಿತು ಅಂತ ತಾವೇ ಹೇಳಿಕೊಂಡರು. ಬಣ್ಣ ಬಂತು, ಗಾಢತೆ ಬರಲಿಲ್ಲ. ನಿಮ್ಮದು ಅವರ ಎಲ್ಲಕ್ಕಿಂತ ಸಣ್ಣದಕ್ಕಿಂತಲೂ ಸಣ್ಣದು.

ನಾನೂ ಈ ಪೆಟ್ಟು ತಿಂದವನೇ. ಎಲ್ಲ ಗೊತ್ತಿದ್ದವನು ಅಂತ ಜಂಬದಿಂದ ಮೂರು ಲೀಟರಿನ ಪೀಪಾಯಿ ಕೊಂಡು, ತುಂಬಿ, ಮನೆಯ ಅಟ್ಟದ ಮೇಲಿಟ್ಟು ಮರೆತೆ. ಆರು ತಿಂಗಳು ಬಿಟ್ಟು ಇಳಿಸಿದರೆ ಮೂರನೇ ಒಂದು ಭಾಗ ಆವಿಯಾಗಿತ್ತು. ಉಳಿದದ್ದನ್ನು ಬಾಯಿಗೆ ಹಾಕಿದರೆ ಹಸಿ ಅಡಿಕೆ ಜಗಿದ ಹಾಗೆ ನಾಲಿಗೆ ಒಣಗಿತು. ಒಗರನ್ನು ತೆಗೆಯುವ ದಾರಿ ಇಲ್ಲ. ಕೊನೆಗೆ ಚಮಚ ಚಮಚ ಕೇಕಿಗೆ ಹಾಕಿ ಮುಗಿಸಿದೆವು.

ಹಾಗಂತ ಪೀಪಾಯಿಯನ್ನು ಎಸೆಯಬೇಡಿ. ಬರ್ಬನ್ನನ್ನು ಎರಡನೇ ಸಲ ಬೇರೆ ಮರಕ್ಕೆ ಸ್ವಲ್ಪ ಕಾಲ ತೋರಿಸುವುದು ದೊಡ್ಡ ಕಂಪನಿಗಳೂ ಮಾಡುವ ಕೆಲಸವೇ, ವುಡ್‌ಫರ್ಡ್ ರಿಸರ್ವ್‌ನ ಡಬಲ್ ಓಕ್ಡ್ ಹಾಗೇ ಆಗಿದ್ದು. ನಿಮ್ಮದನ್ನು ಆ ಲೆಕ್ಕದಲ್ಲಿ ನೋಡಿ. ಮೊದಲು ಬಿಸಿನೀರು ತುಂಬಿ ಎರಡು ಮೂರು ದಿನ ಬಿಡಿ, ಹಲಗೆ ಉಬ್ಬಿ ಸೋರುವುದು ನಿಲ್ಲಬೇಕು. ನಿಲ್ಲದಿದ್ದರೆ ಮಾರಿದವರಿಗೆ ವಾಪಸ್ ಕೊಡಿ, ಒಳಗೆ ಅಂಟು ಗಿಂಟು ಹಚ್ಚಲು ಹೋಗಬೇಡಿ. ಆಮೇಲೆ ನೀರು ಚೆಲ್ಲಿ ಬರ್ಬನ್ ತುಂಬಿ. ದುಬಾರಿಯದ್ದು ಬೇಡ, ನಾಲ್ಕು ವರ್ಷದ ಯಾವುದಾದರೂ, 50 ಪರ್ಸೆಂಟಿನದ್ದಾದರೆ ಒಳ್ಳೆಯದು. ಎರಡನೇ ವಾರದಿಂದ ವಾರಕ್ಕೊಮ್ಮೆ ಅರ್ಧ ಚಮಚ ರುಚಿ ನೋಡಿ. ಇನ್ನೂ ಒಂದು ವಾರ ಇಟ್ಟರೆ ಇನ್ನೂ ಚೆನ್ನಾಗಿರುತ್ತೇನೋ ಅಂತ ಆಸೆ ಹುಟ್ಟುತ್ತದಲ್ಲ, ಅವತ್ತೇ ತೆಗೆದು ಗಾಜಿನ ಬಾಟಲಿಗೆ ತುಂಬಿಬಿಡಿ. ಮೊದಲ ಸಲಕ್ಕೆ ನಾಲ್ಕರಿಂದ ಎಂಟು ವಾರ ಸಾಕು, ಬೇಸಿಗೆಯಾದರೆ ಇನ್ನೂ ಕಮ್ಮಿ. ಎರಡನೇ ಸಲಕ್ಕೆ ಮರ ಮೆತ್ತಗಾಗಿರುತ್ತದೆ, ಹೆಚ್ಚು ಕಾಲ ಬಿಡಬಹುದು. ನನ್ನನ್ನು ಕೇಳಿದರೆ ಮಾವನವರಿಗೆ ಎರಡನೇ ಸಲದ್ದನ್ನೇ ಒಯ್ಯಿರಿ, ಮೊದಲನೆಯದು ನಿಮ್ಮ ಕಲಿಕೆಗೆ. ನಡುವೆ ಪೀಪಾಯಿಯನ್ನು ಖಾಲಿ ಒಣಗಲು ಬಿಟ್ಟರೆ ಹಲಗೆ ಸೀಳುತ್ತದೆ, ಬೂಸ್ಟು ಹಿಡಿಯುತ್ತದೆ.

ಗ್ಯಾರೇಜಿನಲ್ಲಿ ಇಡುವುದಾದರೆ ಒಂದು ವಿಷಯ. ಅಲ್ಲಿನ ಮನೆಗಳಲ್ಲಿ ಗ್ಯಾಸಿನ ವಾಟರ್ ಹೀಟರ್ ಗ್ಯಾರೇಜಿನಲ್ಲೇ ಇರುವುದು ಸಾಮಾನ್ಯ. ಅದರ ಹತ್ತಿರ ಬೇಡವೇ ಬೇಡ. ಪೀಪಾಯಿಯಿಂದ ಆರುವುದು ಆಲ್ಕೋಹಾಲಿನ ಆವಿ, ಅದಕ್ಕೆ ಬೆಂಕಿ ಹತ್ತುತ್ತದೆ. 1996ರಲ್ಲಿ ಕೆಂಟಕಿಯ ಬಾರ್ಡ್ಸ್‌ಟೌನ್‌ನ ಹೆವನ್ ಹಿಲ್‌ನಲ್ಲಿ ಡಿಸ್ಟಿಲರಿಯ ಗೋದಾಮಿಗೆ ಬೆಂಕಿ ಬಿದ್ದಾಗ ಸುಮಾರು 90,000 ಪೀಪಾಯಿ ಹೋದವು, ಉರಿಯುವ ವಿಸ್ಕಿ ಹೊಳೆಯ ಹಾಗೆ ಹರಿಯಿತು. ನಿಮ್ಮದು ಐದೇ ಲೀಟರ್ ಇರಬಹುದು, ಆದರೂ ಮನೆಯೊಳಗೆ ಯಾವುದಾದರೂ ತಂಪಾದ ಮೂಲೆಯೇ ವಾಸಿ. ವೈಟ್ ಡಾಗ್ ಕೊಂಡು ತಂದು ಮೊದಲಿಂದ ಮಾಡೋಣ ಅನ್ನಿಸಿದರೆ ಇಷ್ಟು ಸಣ್ಣ ಪೀಪಾಯಿಯಲ್ಲಿ ಬರುವುದು ಬಣ್ಣ ಬಂದ ಹಸಿ ಸ್ಪಿರಿಟ್ ಅಷ್ಟೇ. ಮನೆಯಲ್ಲೇ ಬಟ್ಟಿ ಇಳಿಸುವ ಯೋಚನೆ ಬಂದರೆ ಅಮೆರಿಕದಲ್ಲಿ ಪರವಾನಗಿ ಇಲ್ಲದೆ ಅದು ಅಪರಾಧ, ಅಲ್ಲಿಗೇ ಬಿಡಿ. ಒಯ್ಯುವಾಗಲೂ ನೆನಪಿರಲಿ, ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ್ದು ಒಬ್ಬರಿಗೆ 2 ಲೀಟರ್.

ಕೊನೆಗೆ ಆ ಸೀಲ್ ಒಡೆಯದ ಬಾಟಲಿ. ಮೈಸೂರಿಗೆ ಫೋನ್ ಮಾಡಿದಾಗ ಅದು ನಿಂತಿದೆಯಾ ಮಲಗಿದೆಯಾ ಕೇಳಿ. ವೈನ್ ಹಾಗೆ ಮಲಗಿಸಿಟ್ಟರೆ ಗಟ್ಟಿ ಆಲ್ಕೋಹಾಲ್ ಬೂಚನ್ನು ತಿನ್ನುತ್ತದೆ. ನಿಲ್ಲಿಸಿ, ಬಿಸಿಲು ಬೀಳದ ಕಡೆ ಇಡಲಿ. ಮಟ್ಟ ಬಾಟಲಿಯ ಕುತ್ತಿಗೆಯಲ್ಲೇ ಇದ್ದರೆ ಒಳಗಿನದ್ದು 2010ರಲ್ಲಿ ಇದ್ದ ಹಾಗೇ ಇರುತ್ತದೆ. ಭುಜದಿಂದ ಕೆಳಗೆ ಇಳಿದಿದ್ದರೆ ಬೂಚು ಸೋತಿದೆ, ಕುಡಿದರೆ ಕೆಡುಕಿಲ್ಲ, ರುಚಿ ಸಪ್ಪೆಯಾಗಿರಬಹುದು. ಒಡೆದ ಮೇಲೆ ವರ್ಷದೊಳಗೆ ಮುಗಿಸಿ, ಅರ್ಧಕ್ಕಿಂತ ಕಡಿಮೆ ಆದಾಗ ಸಣ್ಣ ಗಾಜಿನ ಬಾಟಲಿಗೆ ಬದಲಾಯಿಸಿ, ಆ ಹೂಜಿಗಲ್ಲ. ಇಷ್ಟು ಹಳೇ ಬೂಚು ತಿರುಗಿಸುವಾಗ ಮುರಿಯುವ ಸಾಧ್ಯತೆ ಜಾಸ್ತಿ. ಹಾಗಾಗಿ ಸಂಜೆ ಜನ ಸೇರುವ ಮುಂಚೆ ಬೇರೆ ಒಂದು ಬೂಚು, ಒಂದು ತೆಳ್ಳನೆ ಹತ್ತಿ ಬಟ್ಟೆ, ಒಂದು ಖಾಲಿ ಬಾಟಲಿ ಪಕ್ಕದಲ್ಲಿಟ್ಟುಕೊಂಡು ನೀವೇ ಅಡುಗೆಮನೆಯಲ್ಲಿ ನಿಧಾನಕ್ಕೆ ತೆಗೆಯಿರಿ.